ರೋಗಕ್ಕೆ ಕುಲವುಂಟೆ? — ಮಹನೀಯ ಡುಬಾಯ್ಸ್ ಅವರ ಜೀವನ

ಶಿವಶರಣರು ನಿರಾಕರಿಸಿದ ಸೂತಕಗಳು ಐದು. ಜನನಸೂತಕ, ಮರಣಸೂತಕ, ರಜಸ್ಸೂತಕ, ಎಂಜಲಸೂತಕ, ಜಾತಿಸೂತಕ ಎಂಬ ಈ ಐದನ್ನೂ ಅವರು ಒಂದೇ ಮನಸ್ಸಿನಿಂದ ತಳ್ಳಿಹಾಕಿದರು. ಲಿಂಗವು ನೆಲೆಗೊಂಡ ಅಂಗಕ್ಕೆ ಹುಟ್ಟಿನಿಂದ ಬರುವ ಮೈಲಿಗೆಯೆಂಬುದಿಲ್ಲವೆಂಬುದೇ ಇದರ ಹುರುಳು. ಇದು ಪೂಜೆಗೂ ಪಂಕ್ತಿಗೂ ಮಾತ್ರ ಸಂಬಂಧಿಸಿದ ನಿಯಮವೆಂದು ಭಾವಿಸುವವರುಂಟು. ಆದರೆ ಸ್ವಲ್ಪ ಆಳವಾಗಿ ವಿಚಾರಿಸಿ ನೋಡಿದರೆ, ಜಾತಿಸೂತಕವು ಮನುಷ್ಯನ ಮರ್ಯಾದೆಯನ್ನು ಮಾತ್ರವಲ್ಲ, ಅವನ ಆಯುಷ್ಯವನ್ನೂ ಕಳೆಯುವುದೆಂಬುದು ಮನದಟ್ಟಾಗುತ್ತದೆ. ಹುಟ್ಟಿನ ಕಾರಣದಿಂದ ಒಂದು ಜನವರ್ಗವನ್ನು ಕೀಳೆಂದು ಎಣಿಸಿದಲ್ಲಿ, ಆ ಜನಕ್ಕೆ ದೊರೆಯುವ ನೆಲ ತಗ್ಗಿನದು, ನೀರು ಕೊಳಕಿನದು, ಕೆಲಸವು ಮೈಮುರಿಯುವಂತಹುದು. ಅಂತಹ ನೆಲದಲ್ಲಿ ಬಾಳಿ, ಅಂತಹ ನೀರನ್ನು ಕುಡಿದು ಅವರು ರೋಗಕ್ಕೆ ತುತ್ತಾದಾಗ, ರೋಗವೂ ಅವರ ಹುಟ್ಟಿನಲ್ಲಿಯೇ ಇದ್ದಿತೆಂದು ಲೋಕವು ಹೇಳಿಬಿಡುತ್ತದೆ. ಹೀಗೆ ಮೊದಲನೆಯ ಅನ್ಯಾಯದ ಫಲವನ್ನೇ ಎರಡನೆಯ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿಸಲಾಗುತ್ತದೆ. ಈ ಸುಳ್ಳು ಸಾಕ್ಷಿಯನ್ನು ಲೆಕ್ಕಹಾಕಿ, ಮನೆಮನೆಗೆ ಹೋಗಿ ವಿಚಾರಿಸಿ, ಲೋಕದ ಮುಂದೆ ಬಯಲು ಮಾಡಿದ ಮಹನೀಯರಲ್ಲಿ ಅಮೆರಿಕಾ ದೇಶದ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡುಬಾಯ್ಸ್ ಅವರು ಅಗ್ರಗಣ್ಯರು.

ಡುಬಾಯ್ಸ್ ಅವರು 1868ನೆಯ ಇಸವಿ ಫೆಬ್ರವರಿ 23ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಅಮೆರಿಕಾದಲ್ಲಿ ಗುಲಾಮಗಿರಿಯು ಕಾನೂನಿನಿಂದ ರದ್ದಾಗಿ ಆಗ ಮೂರು ವರ್ಷಗಳು ಮಾತ್ರ ಕಳೆದಿದ್ದವು. ಆಫ್ರಿಕದಿಂದ ಹಡಗುಗಳಲ್ಲಿ ತಂದು ಮಾರಲ್ಪಟ್ಟವರ ಸಂತತಿಯಾದ ಕರಿಯ ಜನರಿಗೆ ಬಿಡುಗಡೆಯು ದೊರಕಿದ್ದಿತೇ ಹೊರತು ನೆಲವಾಗಲಿ, ಮನೆಯಾಗಲಿ, ಸಮಾನವಾದ ಗೌರವವಾಗಲಿ ದೊರಕಿರಲಿಲ್ಲ. ಬಾಲಕನು ಇನ್ನೂ ಎಳೆಯವನಾಗಿದ್ದಾಗಲೇ ತಂದೆಯು ಮನೆಬಿಟ್ಟು ಹೋದನು. ತಾಯಿ ಮೇರಿ ಸಿಲ್ವಿನಾ ಪಾರ್ಶ್ವವಾಯುವಿನಿಂದ ಒಂದು ಕೈ ಒಂದು ಕಾಲು ಬಲಗುಂದಿದ್ದರೂ, ಪರರ ಮನೆಗೆಲಸ ಮಾಡಿ ಮಗನನ್ನು ಓದಿಸಿದಳು. ಮಗನು ಪ್ರೌಢಶಾಲೆಯನ್ನು ಮುಗಿಸಿದ ಸ್ವಲ್ಪ ಕಾಲಕ್ಕೆ, 1885ರಲ್ಲಿ, ಆ ತಾಯಿ ತೀರಿಕೊಂಡಳು. ಅವನ ಬುದ್ಧಿಶಕ್ತಿಯನ್ನು ಕಂಡಿದ್ದ ಊರಿನ ಹಿತೈಷಿಗಳೂ ಕೆಲವು ಚರ್ಚುಗಳೂ ಹಣವನ್ನು ಕೂಡಿಸಿ, ಟೆನೆಸ್ಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿ ಕರಿಯ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಅವನನ್ನು ಕಳುಹಿಸಿದರು.

ದಕ್ಷಿಣದ ಸೀಮೆಯನ್ನು ಸೇರಿದ ಕೆಲವೇ ದಿನಗಳಲ್ಲಿ ತರುಣ ಡುಬಾಯ್ಸ್ ವಿಷಮಶೀತಜ್ವರಕ್ಕೆ ಗುರಿಯಾಗಿ ಮರಣದ ಬಾಗಿಲನ್ನು ಮುಟ್ಟಿ ಹಿಂದಿರುಗಿದರು. ಗುಣವಾದ ಮೇಲೆ, ಬೇಸಗೆಯ ರಜೆಗಳಲ್ಲಿ ಟೆನೆಸ್ಸೀಯ ಹಳ್ಳಿಯೊಂದಕ್ಕೆ ಹೋಗಿ ಕರಿಯರ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿ ಶಾಲೆಯೆಂದರೆ ಮರದ ದಿಮ್ಮಿಗಳಿಂದ ಕಟ್ಟಿದ ಒಂದು ಹಳೆಯ ಕೊಟ್ಟಿಗೆ. ಓದಬೇಕೆಂಬ ಹಂಬಲದಿಂದ ಬಂದ ಒಬ್ಬ ಹುಡುಗಿಯು ಮನೆಯವರೆಲ್ಲರ ಭಾರವನ್ನೂ ತನ್ನ ಹೆಗಲ ಮೇಲೆ ಹೊತ್ತಿದ್ದಳು. ಹತ್ತು ವರ್ಷಗಳ ತರುವಾಯ ಡುಬಾಯ್ಸ್ ಅವರು ಆ ಹಳ್ಳಿಗೆ ಮತ್ತೆ ಹೋದಾಗ ಅವಳು ಬದುಕಿರಲಿಲ್ಲ. ದುಡಿದು ದುಡಿದು ಸವೆದು ಎಳೆಯ ವಯಸ್ಸಿನಲ್ಲಿಯೇ ತೀರಿಹೋಗಿದ್ದಳು. ಬಡತನವು ಮನುಷ್ಯರನ್ನು ಹೇಗೆ ಕೊಲ್ಲುವುದೆಂಬುದನ್ನು ಅವರು ಗ್ರಂಥಗಳಲ್ಲಿ ಓದುವುದಕ್ಕೆ ಮೊದಲೇ ಕಣ್ಣಾರೆ ಕಂಡಿದ್ದರು.

ಫಿಸ್ಕ್‌ನಿಂದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ 1890ರಲ್ಲಿ ಪದವಿಯನ್ನು ಪಡೆದರು. 1892ರಿಂದ 1894ರ ವರೆಗೆ ಜರ್ಮನಿಯ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಗುಸ್ಟಾವ್ ಶ್ಮೋಲರ್ ಮೊದಲಾದ ಅರ್ಥಶಾಸ್ತ್ರಜ್ಞರ ಬಳಿಯಲ್ಲಿ ಅಧ್ಯಯನ ನಡೆಸಿದರು. ಸಮಾಜವನ್ನು ಕುರಿತು ಮಾತನಾಡುವವನು ಮೊದಲು ಸಂಗತಿಗಳನ್ನು ಸಂಗ್ರಹಿಸಬೇಕು, ಆಮೇಲೆ ತೀರ್ಪು ಹೇಳಬೇಕೆಂಬ ಶಿಸ್ತನ್ನು ಅವರು ಅಲ್ಲಿ ಕಲಿತರು. 1895ರಲ್ಲಿ ಹಾರ್ವರ್ಡ್ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಆ ವಿಶ್ವವಿದ್ಯಾಲಯದಲ್ಲಿ ಆ ಪದವಿಯನ್ನು ಪಡೆದ ಕರಿಯ ಜನಾಂಗದವರಲ್ಲಿ ಅವರೇ ಮೊದಲಿಗರು. 1896ರಲ್ಲಿ ನೀನಾ ಗೋಮರ್ ಎಂಬ ಸಾಧ್ವಿಯನ್ನು ವಿವಾಹವಾದರು.

ಅದೇ 1896ರಲ್ಲಿ ಅಮೆರಿಕಾದಲ್ಲಿ ಒಂದು ಗ್ರಂಥವು ಪ್ರಕಟವಾಗಿ ಬಹಳ ಪ್ರಚಾರವನ್ನು ಪಡೆಯಿತು. ಪ್ರುಡೆನ್ಶಿಯಲ್ ಎಂಬ ಜೀವವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಹಾಫ್‌ಮನ್ ಅದರ ಕರ್ತೃ. ಕರಿಯರಲ್ಲಿ ಮರಣ ಪ್ರಮಾಣವು ಬಿಳಿಯರಿಗಿಂತ ಹೆಚ್ಚಾಗಿರುವುದನ್ನು ಅಂಕಿಗಳಿಂದ ತೋರಿಸಿ, ಅದಕ್ಕೆ ಕಾರಣವು ಅವರ ಜನಾಂಗದ ಹುಟ್ಟುಗುಣವೇ ಎಂದೂ, ಆ ಜನಾಂಗವು ಕ್ರಮೇಣ ಅಳಿದುಹೋಗುವುದೆಂದೂ ಅವರು ವಾದಿಸಿದ್ದರು. ಅಂಕಿಗಳು ಬಹುಮಟ್ಟಿಗೆ ನಿಜವಾಗಿದ್ದವು. ಅವುಗಳಿಂದ ತೆಗೆದ ತೀರ್ಮಾನವು ನಿಜವಾಗಿರಲಿಲ್ಲ. ಆದರೆ ಆ ತೀರ್ಮಾನವು ಉಳ್ಳವರಿಗೆ ಅನುಕೂಲವಾಗಿದ್ದಿತು. ರೋಗವು ರಕ್ತದಲ್ಲಿಯೇ ಇರುವುದಾದರೆ ಚರಂಡಿಯನ್ನು ಕಟ್ಟಿಸಬೇಕಾದ ಹೊಣೆಯು ನಗರಸಭೆಗೆ ಇರುವುದಿಲ್ಲ, ಒಳ್ಳೆಯ ಮನೆಯನ್ನು ಕೊಡಬೇಕಾದ ಹೊಣೆಯು ಮನೆಯೊಡೆಯನಿಗೆ ಇರುವುದಿಲ್ಲ. ಮರುವರ್ಷ ಡುಬಾಯ್ಸ್ ಅವರು ಆ ಗ್ರಂಥವನ್ನು ವಿಮರ್ಶಿಸಿ ಅದರ ತರ್ಕದೋಷಗಳನ್ನು ಎತ್ತಿ ತೋರಿಸಿದರು. ಆ ವೇಳೆಗೆ ಅವರು ಅದಕ್ಕೆ ತಕ್ಕ ಉತ್ತರವನ್ನು ಸಿದ್ಧಪಡಿಸುವ ದೊಡ್ಡ ಕಾರ್ಯದಲ್ಲಿಯೂ ತೊಡಗಿದ್ದರು.

ಆ ಕಾರ್ಯವು ನಡೆದುದು ಫಿಲಡೆಲ್ಫಿಯಾ ನಗರದಲ್ಲಿ. ಅಲ್ಲಿ ಆಗ ಸುಮಾರು 40,000 ಕರಿಯ ಜನರು ವಾಸಿಸುತ್ತಿದ್ದರು. ನಗರದ ಆಡಳಿತವು ಕೆಡುವುದಕ್ಕೂ, ಅಪರಾಧವೂ ರೋಗವೂ ಹೆಚ್ಚುವುದಕ್ಕೂ ಅವರೇ ಕಾರಣರೆಂಬ ಮಾತು ಸುಧಾರಕರ ನಡುವೆಯೂ ಹರಡಿದ್ದಿತು. ಅವರು ಹೆಚ್ಚಾಗಿ ನೆಲಸಿದ್ದ ಏಳನೆಯ ವಾರ್ಡನ್ನು ಪರೀಕ್ಷಿಸುವುದಕ್ಕಾಗಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 1896ರಲ್ಲಿ ಡುಬಾಯ್ಸ್ ಅವರನ್ನು ನೇಮಿಸಿತು. ಬೋಧಕರ ಸ್ಥಾನವನ್ನು ಮಾತ್ರ ಕೊಡಲಿಲ್ಲ. ಡುಬಾಯ್ಸ್ ಅವರು ಪತ್ನಿಯೊಡನೆ ಆ ವಾರ್ಡಿನ ಹೀನಸ್ಥಿತಿಯ ಭಾಗದಲ್ಲಿಯೇ ಒಂದು ಕೋಣೆಯನ್ನು ಹಿಡಿದು ವಾಸಿಸತೊಡಗಿದರು. ದೂರದ ಕಚೇರಿಯಲ್ಲಿ ಕುಳಿತು ಲೆಕ್ಕ ಬರೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪ್ರಶ್ನೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಸುಮಾರು 2,500 ಮನೆಗಳಿಗೆ ತಾವೇ ಹೋಗಿ, ಆ ವಾರ್ಡಿನಲ್ಲಿದ್ದ 9,675 ಮಂದಿ ಕರಿಯರ ವಿಷಯವನ್ನು ವಿಚಾರಿಸಿದರು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಬಾಡಿಗೆ ಎಷ್ಟು, ಗಳಿಕೆ ಎಷ್ಟು, ಕೆಲಸ ಯಾವುದು, ಓದು ಎಷ್ಟು, ಕಾಯಿಲೆ ಏನು ಎಂಬುದನ್ನೆಲ್ಲ ಬರೆದುಕೊಂಡರು. ಪ್ರತಿಯೊಂದು ಮನೆಯ ಸ್ಥಿತಿಯನ್ನೂ ಬಣ್ಣಗಳಿಂದ ಗುರುತಿಸಿದ ನಕ್ಷೆಯೊಂದನ್ನು ರಚಿಸಿದರು. ಈ ಪರಿಶ್ರಮದ ಫಲವೇ 1899ರಲ್ಲಿ ಪ್ರಕಟವಾದ ದಿ ಫಿಲಡೆಲ್ಫಿಯಾ ನೀಗ್ರೋ ಎಂಬ ಮಹಾಗ್ರಂಥ.

ಆ ನಕ್ಷೆಯನ್ನು ನೋಡಿದವರಿಗೆ ಮೊದಲು ತಿಳಿಯುವುದು, ಕರಿಯರೆಲ್ಲರೂ ಒಂದೇ ಬಗೆಯವರೆಂಬ ನಂಬಿಕೆಯು ಸುಳ್ಳೆಂಬುದು. ಅಲ್ಲಿ ಸದ್ಗೃಹಸ್ಥರಿದ್ದರು, ದುಡಿಯುವವರಿದ್ದರು, ಕಡುಬಡವರಿದ್ದರು, ದಾರಿತಪ್ಪಿದವರೂ ಇದ್ದರು. ಎರಡನೆಯದಾಗಿ, ಅವರ ಕಷ್ಟಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಕೂಡಿಕೊಂಡಿದ್ದುವು. ಕಾರ್ಖಾನೆಗಳೂ ಕುಶಲ ಕಸುಬುಗಳ ಸಂಘಗಳೂ ಕರಿಯರಿಗೆ ಬಾಗಿಲನ್ನು ಮುಚ್ಚಿದ್ದುದರಿಂದ ಮನೆಚಾಕರಿಯೂ ಕೂಲಿಯೂ ಅವರ ಪಾಲಿಗೆ ಉಳಿದಿದ್ದವು. ಚಾಕರಿ ಮಾಡುವವರು ಧನಿಕರ ಮನೆಗಳಿಗೆ ಸಮೀಪದಲ್ಲಿರಬೇಕಾದುದರಿಂದ ನಗರದ ನಡುವೆಯೇ ವಾಸಿಸಬೇಕಾಗಿದ್ದಿತು. ಬೇರೆ ಕಡೆ ಅವರಿಗೆ ಮನೆ ಕೊಡುವವರು ವಿರಳರಾದುದರಿಂದ ಕೆಟ್ಟ ಮನೆಗೂ ಹೆಚ್ಚಿನ ಬಾಡಿಗೆಯನ್ನು ತೆರಬೇಕಾಗಿದ್ದಿತು. ಆ ಬಾಡಿಗೆಯನ್ನು ಹೊಂದಿಸುವುದಕ್ಕಾಗಿ ಇದ್ದ ಕೋಣೆಗಳಲ್ಲಿಯೇ ಪರರನ್ನು ಇಟ್ಟುಕೊಳ್ಳುತ್ತಿದ್ದರು. ಗಾಳಿಬೆಳಕಿಲ್ಲದ ಓಣಿಗಳ ಹಿಂದಣ ಮನೆಗಳಲ್ಲಿ ಹೀಗೆ ಜನರು ಇಕ್ಕಟ್ಟಾಗಿ ತುಂಬಿದರು. ಅವರು ಪರೀಕ್ಷಿಸಿದ 2,441 ಕುಟುಂಬಗಳಲ್ಲಿ ಸ್ನಾನದ ಮನೆಯೂ ಪಾಯಿಖಾನೆಯೂ ದೊರಕುತ್ತಿದ್ದುದು 334 ಕುಟುಂಬಗಳಿಗೆ ಮಾತ್ರ.

ಇಂತಹ ಮನೆಗಳಲ್ಲಿ ಕ್ಷಯವೂ ನ್ಯುಮೋನಿಯಾವೂ ಸುಲಭವಾಗಿ ಬೇರೂರಿದುದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಇದು ಮನೆಯ ದೋಷವೋ ಜನಾಂಗದ ದೋಷವೋ ಎಂಬುದನ್ನು ಹೇಗೆ ನಿರ್ಧರಿಸಬೇಕು? ಡುಬಾಯ್ಸ್ ಅವರು ಅನುಸರಿಸಿದ ಮಾರ್ಗವು ಸರಳವಾದುದು. ಅವರು ಕರಿಯರನ್ನು ಬಿಳಿಯರೊಡನೆ ಮಾತ್ರ ಹೋಲಿಸದೆ, ಬೇರೆ ಬೇರೆ ವಾರ್ಡುಗಳ ಕರಿಯರನ್ನು ಪರಸ್ಪರ ಹೋಲಿಸಿ ನೋಡಿದರು. ಅತ್ಯಂತ ಕೊಳಕಾದ ಕೇರಿಗಳಿದ್ದ ಐದನೆಯ ವಾರ್ಡಿನಲ್ಲಿ ಮರಣ ಪ್ರಮಾಣವು ಭಯಂಕರವಾಗಿ ಏರಿದ್ದಿತು. ಒಳ್ಳೆಯ ಮನೆಗಳೂ ಶುಭ್ರವಾದ ಬೀದಿಗಳೂ ಇದ್ದ ಮೂವತ್ತನೆಯ ವಾರ್ಡಿನಲ್ಲಿ ಅದೇ ಕರಿಯ ಜನರ ಮರಣ ಪ್ರಮಾಣವು ಅದರ ಅರ್ಧಕ್ಕಿಂತಲೂ ಕಡಿಮೆಯಾಗಿದ್ದಿತು. ಒಂದೇ ಜನಾಂಗದವರು ಬೀದಿ ಬದಲಾದೊಡನೆ ಹೆಚ್ಚು ಕಾಲ ಬದುಕುವುದಾದರೆ ದೋಷವು ರಕ್ತದಲ್ಲಿ ಇರಲಾರದಷ್ಟೆ. ಮತ್ತೂ ಮುಂದುವರಿದು, ಹಂಗೇರಿ, ಆಸ್ಟ್ರಿಯಾ, ಇಟಲಿ ದೇಶಗಳಲ್ಲಿ 1871ರಿಂದ 1890ರ ವರೆಗಿನ ಮರಣ ಪ್ರಮಾಣವು 1891ರಿಂದ 1896ರ ವರೆಗಿನ ಫಿಲಡೆಲ್ಫಿಯಾದ ಕರಿಯರದಕ್ಕಿಂತ ಹೆಚ್ಚಾಗಿದ್ದುದನ್ನು ತೋರಿಸಿದರು. ಆ ದೇಶಗಳ ಜನರು ಬಿಳಿಯರೇ ಆಗಿದ್ದರು. ಅವರು ಅಳಿದುಹೋಗುವ ಜನಾಂಗವೆಂದು ಯಾರೂ ಗ್ರಂಥ ಬರೆದಿರಲಿಲ್ಲ.

ಡುಬಾಯ್ಸ್ ಅವರು ತಮ್ಮವರ ತಪ್ಪುಗಳನ್ನು ಮುಚ್ಚಿಡಲಿಲ್ಲ. ಕಿಟಕಿ ತೆರೆಯದೆ ಮಲಗುವುದು, ಆರೋಗ್ಯದ ನಿಯಮಗಳನ್ನು ಅರಿಯದಿರುವುದು, ಆಸ್ಪತ್ರೆಗೆ ಹೋಗಲು ಹೆದರುವುದು ಮೊದಲಾದವನ್ನು ಕಠಿಣವಾಗಿಯೇ ಟೀಕಿಸಿದರು. ಆದರೆ ಶುಚಿಯಾಗಿರೆಂದು ಉಪದೇಶಿಸುವವರು ನೀರು ಎಲ್ಲಿದೆಯೆಂಬುದನ್ನೂ ನೋಡಬೇಕೆಂಬುದನ್ನು ಅವರು ಮರೆಯಲಿಲ್ಲ. ಆ ಜನರು ಸುಮ್ಮನೆ ಕೈಕಟ್ಟಿ ಕುಳಿತಿರಲಿಲ್ಲವೆಂಬುದಕ್ಕೂ ಅಲ್ಲಿಯೇ ನಿದರ್ಶನವಿದ್ದಿತು. ಕರಿಯ ವೈದ್ಯರಿಗೂ ದಾದಿಯರಿಗೂ ಬೇರೆ ಆಸ್ಪತ್ರೆಗಳಲ್ಲಿ ಸ್ಥಾನವು ದೊರೆಯದ ಕಾರಣ, ಡಾಕ್ಟರ್ ನೇಥನ್ ಮೋಸೆಲ್ ಅವರು 1895ರಲ್ಲಿ ಫ್ರೆಡರಿಕ್ ಡಗ್ಲಾಸ್ ಸ್ಮಾರಕ ಆಸ್ಪತ್ರೆಯನ್ನು ಅದೇ ನಗರದಲ್ಲಿ ಸ್ಥಾಪಿಸಿದ್ದರು. ಇಷ್ಟೆಲ್ಲವನ್ನೂ ಬರೆದ ಡುಬಾಯ್ಸ್ ಅವರನ್ನು ಹೆಚ್ಚಾಗಿ ನೋಯಿಸಿದುದು ರೋಗಕ್ಕಿಂತಲೂ ಮಿಗಿಲಾಗಿ, ಇಷ್ಟೊಂದು ಜನರ ಯಾತನೆಯನ್ನು ನಾಗರಿಕವೆನಿಸಿದ ದೇಶವೊಂದು ನೋಡಿಯೂ ನೋಡದಂತಿದ್ದ ಔದಾಸೀನ್ಯ.

ಫಿಲಡೆಲ್ಫಿಯಾದ ಕಾರ್ಯವು ಮುಗಿದ ಮೇಲೆ ಅವರು ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ದ್ವೇಷಕ್ಕೆ ಅಜ್ಞಾನವೇ ಮೂಲವೆಂದೂ, ಸತ್ಯವನ್ನು ಶೋಧಿಸಿ ಮುಂದಿಟ್ಟರೆ ಜನರು ತಾವಾಗಿಯೇ ತಿದ್ದಿಕೊಳ್ಳುವರೆಂದೂ ಅವರು ಅದುವರೆಗೆ ನಂಬಿದ್ದರು. 1899ನೆಯ ಇಸವಿಯು ಆ ನಂಬಿಕೆಯನ್ನು ಎರಡು ಸಲ ಅಲುಗಿಸಿತು. ಏಪ್ರಿಲ್ ತಿಂಗಳಲ್ಲಿ ಸ್ಯಾಮ್ ಹೋಸ್ ಎಂಬ ಕರಿಯ ಕೂಲಿಯೊಬ್ಬನನ್ನು ಜಾರ್ಜಿಯಾದ ನ್ಯೂನನ್ ಪಟ್ಟಣದ ಬಳಿ ಬಿಳಿಯರ ಗುಂಪು ವಿಚಾರಣೆಯಿಲ್ಲದೆ ಹಿಂಸಿಸಿ ಸುಟ್ಟು ಕೊಂದಿತು. ಶಾಂತವಾದ ವಿವೇಚನೆಯಿಂದ ಕೂಡಿದ ಲೇಖನವೊಂದನ್ನು ಬರೆದುಕೊಂಡು ಪತ್ರಿಕೆಯ ಕಚೇರಿಗೆ ಹೋಗುತ್ತಿದ್ದ ಡುಬಾಯ್ಸ್ ಅವರಿಗೆ, ಆ ಮೃತನ ಬೆರಳ ಗೆಣ್ಣುಗಳನ್ನು ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿರುವರೆಂಬ ಸುದ್ದಿಯು ದಾರಿಯಲ್ಲಿ ಕಿವಿಗೆ ಬಿದ್ದಿತು. ಅವರು ಕಚೇರಿಗೆ ಹೋಗದೆ ಮನೆಗೆ ಹಿಂದಿರುಗಿದರು.

ಮರುತಿಂಗಳು ಅವರ ಮನೆಯಲ್ಲಿಯೇ ದುಃಖವು ಕಾಲಿಟ್ಟಿತು. ಇನ್ನೂ ಎರಡು ವರ್ಷ ತುಂಬದ ಅವರ ಚೊಚ್ಚಲ ಮಗನು ಡಿಫ್ತೀರಿಯಾ ಎಂಬ ಗಂಟಲು ಕಟ್ಟುವ ರೋಗಕ್ಕೆ ತುತ್ತಾದನು. ಆ ರೋಗಕ್ಕೆ ಪ್ರತಿವಿಷವು ಯುರೋಪಿನಲ್ಲಿಯೂ ಅಮೆರಿಕಾದಲ್ಲಿಯೂ ಬಳಕೆಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದುವು. ಆದರೆ ಔಷಧವು ಲೋಕದಲ್ಲಿರುವುದು ಬೇರೆ, ಕರಿಯರ ಮನೆಯ ತೊಟ್ಟಿಲಿಗೆ ಬಂದು ತಲುಪುವುದು ಬೇರೆ. ಜನಾಂಗಭೇದವು ಕಟ್ಟಾಗಿದ್ದ ಆ ನಗರದಲ್ಲಿ ಕರಿಯ ಮಗುವಿಗೆ ಚಿಕಿತ್ಸೆ ಮಾಡಲು ಬಿಳಿಯ ವೈದ್ಯರು ಒಪ್ಪುವುದು ದುರ್ಲಭವಾಗಿದ್ದಿತು; ಕರಿಯ ವೈದ್ಯರಾದರೋ ಬೆರಳೆಣಿಕೆಯಷ್ಟಿದ್ದರು. ಹತ್ತು ದಿನಗಳ ಕಾಲ ನರಳಿ ಮೇ 24ರಂದು ಮಗು ಪ್ರಾಣಬಿಟ್ಟಿತು. ಶವವನ್ನು ಹೊತ್ತು ಸಾಗುತ್ತಿದ್ದಾಗ ಬೀದಿಯಲ್ಲಿದ್ದ ಬಿಳಿಯರು ಹೀನಾಯದ ಮಾತನ್ನಾಡಿದರು. ಆ ನೆಲದಲ್ಲಿ ಮಗನನ್ನು ಹೂಳಲು ತಂದೆಗೆ ಮನಸ್ಸಾಗಲಿಲ್ಲ. ಉತ್ತರದಲ್ಲಿದ್ದ ತಮ್ಮ ಹುಟ್ಟೂರಿಗೆ ಕೊಂಡೊಯ್ದು ಅಲ್ಲಿ ಮಣ್ಣು ಮಾಡಿದರು. ನೀನಾ ಅವರು ಆ ಪೆಟ್ಟಿನಿಂದ ಪೂರ್ತಿಯಾಗಿ ಎಂದೂ ಚೇತರಿಸಿಕೊಳ್ಳಲಿಲ್ಲ. ಸಾವಿರಾರು ಮನೆಗಳ ಮರಣಗಳನ್ನು ಲೆಕ್ಕವಿಟ್ಟಿದ್ದ ಪಂಡಿತರ ಮನೆಯೇ ಹೀಗೆ ಆ ಲೆಕ್ಕದೊಳಗೆ ಸೇರಿಹೋಯಿತು. ವಿದ್ಯೆಯಾಗಲಿ, ಪದವಿಯಾಗಲಿ, ಶುಚಿಯಾದ ಸಂಸಾರವಾಗಲಿ ಆ ಮಗುವನ್ನು ಕಾಯಲಿಲ್ಲ. ಈ ಶೋಕವನ್ನು ಅವರು 1903ರಲ್ಲಿ ಪ್ರಕಟವಾದ ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್ ಎಂಬ ಗ್ರಂಥದ ಒಂದು ಅಧ್ಯಾಯದಲ್ಲಿ ಬರೆದಿಟ್ಟರು.

ದುಃಖವು ಅವರನ್ನು ಕಹಿಯಾಗಿಸಿತಾದರೂ ಕಾಯಕದಿಂದ ವಿಮುಖರನ್ನಾಗಿ ಮಾಡಲಿಲ್ಲ. 1906ರ ಮೇ ತಿಂಗಳಲ್ಲಿ ಅಟ್ಲಾಂಟಾದಲ್ಲಿ ಕರಿಯರ ಆರೋಗ್ಯ ಮತ್ತು ದೇಹಸ್ಥಿತಿಯನ್ನು ಕುರಿತು ಒಂದು ಸಮ್ಮೇಳನವನ್ನು ನಡೆಸಿ ಅದರ ವರದಿಯನ್ನು ಸಂಪಾದಿಸಿದರು. ಮಾನವಶಾಸ್ತ್ರಜ್ಞರಾದ ಫ್ರಾನ್ಜ್ ಬೋಆಸ್ ಅವರೂ ಅಲ್ಲಿಗೆ ಬಂದಿದ್ದರು. ಕರಿಯ ಜನಾಂಗವು ದೇಹರಚನೆಯಲ್ಲಾಗಲಿ ಜೀವಶಕ್ತಿಯಲ್ಲಾಗಲಿ ಇತರರಿಗಿಂತ ಕಡಿಮೆಯೆಂದು ಹೇಳಲು ಶಾಸ್ತ್ರೀಯವಾದ ಆಧಾರವಿಲ್ಲವೆಂದೂ, ಮರಣ ಪ್ರಮಾಣದ ವ್ಯತ್ಯಾಸಕ್ಕೆ ಬಾಳಿನ ಪರಿಸ್ಥಿತಿಗಳೇ ಸಾಕಾದ ಕಾರಣವೆಂದೂ ಆ ಸಮ್ಮೇಳನವು ನಿರ್ಣಯಿಸಿತು. ಊರೂರುಗಳಲ್ಲಿ ಆರೋಗ್ಯ ಸಂಘಗಳನ್ನು ಕಟ್ಟಬೇಕೆಂದು ಸಲಹೆ ಮಾಡಿತು. ಆದರೆ ಅರಿವನ್ನು ಕೊಟ್ಟರಷ್ಟೇ ಸಾಲದು, ಅನ್ಯಾಯವನ್ನು ಎದುರಿಸಿ ನಿಲ್ಲಲೂ ಬೇಕೆಂಬುದು ಡುಬಾಯ್ಸ್ ಅವರಿಗೆ ಈಗ ನಿಶ್ಚಯವಾಗಿದ್ದಿತು. 1909ರಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುವ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಒಬ್ಬರಾದರು. ಮರುವರ್ಷ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಆ ಸಂಘದ ದಿ ಕ್ರೈಸಿಸ್ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿ 1934ರ ವರೆಗೆ ನಡೆಸಿದರು.

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟು ಉಂಟು. 1946ರಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಡುಬಾಯ್ಸ್ ಅವರಿಗೆ ಪತ್ರ ಬರೆದು, ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕಾದ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಸೂಚಿಸಿ, ಕರಿಯರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಲಾದ ಮನವಿಯ ಪ್ರತಿಗಳನ್ನು ಕೇಳಿದರು. ಡುಬಾಯ್ಸ್ ಅವರು ಅದೇ ವರ್ಷ ಸಹಾನುಭೂತಿಯಿಂದ ಉತ್ತರವಿತ್ತರು. ಮುಪ್ಪಿನಲ್ಲಿ ಅವರಿಗೆ ನೆಮ್ಮದಿಯು ದೊರೆಯಲಿಲ್ಲ. ಶಾಂತಿ ಚಳವಳಿಯಲ್ಲಿ ಭಾಗವಹಿಸಿದ ಕಾರಣ 1951ರಲ್ಲಿ ಸರಕಾರವು ಅವರ ಮೇಲೆ ಮೊಕದ್ದಮೆ ಹೂಡಿತು. ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಟ್ಟಿತು. 1961ರಲ್ಲಿ ಕಮ್ಯೂನಿಸ್ಟ್ ಪಕ್ಷವನ್ನು ಸೇರಿ, ಆಗತಾನೆ ಸ್ವತಂತ್ರವಾಗಿದ್ದ ಆಫ್ರಿಕದ ಘಾನಾ ದೇಶಕ್ಕೆ ಹೋಗಿ ನೆಲಸಿದರು. ಅಲ್ಲಿನ ಅಕ್ರಾ ನಗರದಲ್ಲಿ 1963ರ ಆಗಸ್ಟ್ 27ರಂದು, ತಮ್ಮ 95ನೆಯ ವಯಸ್ಸಿನಲ್ಲಿ, ಇಹಲೋಕವನ್ನು ತ್ಯಜಿಸಿದರು. ಮಾರನೆಯ ದಿನವೇ ಅಮೆರಿಕಾದ ರಾಜಧಾನಿಯಲ್ಲಿ ಲಕ್ಷಾಂತರ ಜನರು ಸಮಾನತೆಗಾಗಿ ಮೆರವಣಿಗೆ ನಡೆಸಿ, ಅಲ್ಲಿಯೇ ಅವರ ಮರಣವಾರ್ತೆಯನ್ನು ಕೇಳಿದರು.

ಅವರು ಕಂಡ ಸತ್ಯವನ್ನು ಒಪ್ಪಿಕೊಳ್ಳಲು ಲೋಕಕ್ಕೆ ಬಹುಕಾಲ ಹಿಡಿಯಿತು. 1985ರಲ್ಲಿ ಅಮೆರಿಕಾ ಸರಕಾರದ ವರದಿಯೇ, ಬಿಳಿಯರಷ್ಟೇ ಆರೋಗ್ಯವು ಕರಿಯರಿಗೂ ಇದ್ದಿದ್ದರೆ ವರ್ಷಕ್ಕೆ ಸುಮಾರು 60,000 ಮರಣಗಳು ತಪ್ಪುತ್ತಿದ್ದುವೆಂದು ಲೆಕ್ಕಹಾಕಿತು. 2021ರಲ್ಲಿ ಆ ದೇಶದಲ್ಲಿ ಪ್ರತಿ ಒಂದು ಲಕ್ಷ ಜನನಗಳಿಗೆ ಮೃತಪಟ್ಟ ತಾಯಂದಿರ ಸಂಖ್ಯೆಯು ಬಿಳಿಯರಲ್ಲಿ 26.6, ಕರಿಯರಲ್ಲಿ 69.9 ಆಗಿದ್ದಿತು. ಬೋಧಕರ ಸ್ಥಾನವನ್ನು ನಿರಾಕರಿಸಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 2012ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಪ್ರಾಧ್ಯಾಪಕ ಪದವಿಯನ್ನಿತ್ತಿತು. ಗೌರವವು ತಡವಾಗಿ ಬಂದರೂ ಬಂದಿತು. ತಾಯಂದಿರ ಆ ಲೆಕ್ಕವು ಸಮನಾಗುವುದು ಮಾತ್ರ ಉಳಿದೇ ಇದ್ದಿತು.

ಡುಬಾಯ್ಸ್ ಅವರು ಶರಣರ ವಚನಗಳನ್ನು ಓದಿದವರಲ್ಲ. ಅವರ ಮಾರ್ಗವು ಬೇರೆ, ಮಾತು ಬೇರೆ. ಆದರೂ ಅವರ ಜೀವನವು ಶರಣತತ್ತ್ವದ ಒಂದು ಅಂಶವನ್ನು ನಮಗೆ ಬೆಳಗಿ ತೋರಿಸುತ್ತದೆ. ಶರಣರು ಶರೀರವನ್ನು ಶಿವನ ಆಲಯವೆಂದು ಭಾವಿಸಿದರು. ಕಾಯವು ಪ್ರಸಾದಕಾಯವಾಗಬೇಕೆಂದು ಬೋಧಿಸಿದರು. ಅವರ ಕೂಟದಲ್ಲಿ ಸಮಗಾರ ಹರಳಯ್ಯನಿದ್ದನು, ಡೋಹರ ಕಕ್ಕಯ್ಯನಿದ್ದನು, ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಸಂಗಣ್ಣನೂ ಇದ್ದನು. ಎಲ್ಲರ ಅಂಗವೂ ಲಿಂಗಕ್ಕೆ ನೆಲೆಯಾಗಬಲ್ಲುದೆಂದು ನಂಬುವವನು, ಯಾರೊಬ್ಬರ ಅಂಗವೂ ಕೊಳಚೆಯಲ್ಲಿ ಕೊಳೆತು ಅಕಾಲದಲ್ಲಿ ಬೀಳುವುದನ್ನು ಅವರವರ ಕರ್ಮವೆಂದು ಹೇಳಿ ಸುಮ್ಮನಿರುವುದು ಹೇಗೆ ಸಾಧ್ಯ?

ಆದುದರಿಂದ ಲಿಂಗವಂತ ಗೃಹಸ್ಥನು ತನ್ನೂರಿನಲ್ಲಿ ರೋಗವಾರ್ತೆಯನ್ನು ಕೇಳಿದಾಗ, ರೋಗಿಯು ಯಾವ ಕುಲದವನೆಂದು ವಿಚಾರಿಸುವ ಬದಲು ಅವನ ಕೇರಿಗೆ ನೀರು ಎಲ್ಲಿಂದ ಬರುತ್ತದೆ, ಚರಂಡಿಯು ಎತ್ತ ಹರಿಯುತ್ತದೆ, ವೈದ್ಯನು ಅಲ್ಲಿಗೆ ಹೋಗುವನೇ ಎಂಬುದನ್ನು ವಿಚಾರಿಸಬೇಕು. ಜಂಗಮಕ್ಕೆ ಸಲ್ಲಿಸುವ ದಾಸೋಹದಲ್ಲಿ ಆ ಕೇರಿಯ ನಲ್ಲಿಯೂ ಸೇರುತ್ತದೆ, ಬಾಣಂತಿಯ ಔಷಧವೂ ಸೇರುತ್ತದೆ. ಡುಬಾಯ್ಸ್ ಅವರು ಪ್ರಶ್ನೆಗಳ ಪಟ್ಟಿಯನ್ನು ಹಿಡಿದು 2,500 ಬಾಗಿಲುಗಳನ್ನು ತಟ್ಟಿದರು. ತನ್ನ ಊರಿನ ಹತ್ತು ಬಾಗಿಲುಗಳನ್ನು ತಟ್ಟಿ ವಿಚಾರಿಸುವುದು ಯಾವ ಸದ್ಭಕ್ತನಿಗೂ ಅಸಾಧ್ಯವಾದ ಕಾರ್ಯವಲ್ಲ. ಜಾತಿಸೂತಕವನ್ನು ನಿರಾಕರಿಸಿದವರೆಂದು ಹೇಳಿಕೊಳ್ಳುವ ಸಮಾಜಕ್ಕೆ ಇದಕ್ಕಿಂತ ಹತ್ತಿರದ ಪೂಜೆಯೂ ಬೇರೊಂದಿಲ್ಲ.